ಕ್ಯಾಸೆಟ್ಟಿನ ಮೊದಲ ಬದಿ

ಆ ಮನೆಯಲ್ಲಿ ಮೇಲಿನ ಟ್ಯಾಂಕು ತುಂಬಿತೆಂದು ತಿಳಿಸುತ್ತಿದ್ದದ್ದು ಗಡಿಯಾರವಲ್ಲ, ಮಾವನ ಕ್ಯಾಸೆಟ್ಟು. ಬೆಳಗಿನ ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಮುಗಿಯುವ ಹೊತ್ತಿಗೆ ಟ್ಯಾಂಕಿನ ತಳ ಕಾಣುತ್ತಿತ್ತು. ಆಗ ಮಾವ ನಡುಮನೆಯಲ್ಲಿದ್ದ ನೀರಿನ ಮೋಟಾರಿನ ಸ್ವಿಚ್ಚನ್ನು ಒಂದು ಕೈಯಲ್ಲಿ, ಪಕ್ಕದ ಸ್ಟೂಲಿನ ಮೇಲಿದ್ದ ಟೇಪ್ ರೆಕಾರ್ಡರಿನ ಗುಂಡಿಯನ್ನು ಇನ್ನೊಂದು ಕೈಯಲ್ಲಿ ಒಟ್ಟಿಗೇ ಒತ್ತಿ, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ಮೊದಲ ಬದಿಯ ಹಾಡುಗಳು ಮುಗಿದು ಗುಂಡಿ 'ಟಕ್' ಎಂದು ಮೇಲೆದ್ದರೆ ಟ್ಯಾಂಕು ತುಂಬಿತೆಂದೇ ಅರ್ಥ.

"ಮಾವ, ಫೋನಲ್ಲಿ ಅಲಾರಾಂ ಇಟ್ಕೊಡ್ಲಾ?" ಎಂದು ಸೊಸೆ ಒಮ್ಮೆ ಕೇಳಿದ್ದಳು.

"ಬೇಡಮ್ಮ. ಗಡಿಯಾರ ನೋಡ್ತಾ ಕೂತ್ರೆ ನಿದ್ದೆ ಬರುತ್ತೆ, ನಿದ್ದೆ ಬಂದ್ರೆ ಗಡಿಯಾರ ಯಾರು ನೋಡ್ಬೇಕು? ಹಾಡಿಗೆ ಆ ತಾಪತ್ರಯ ಇಲ್ಲ. ನಿದ್ದೆ ಹೋದ್ರೂ, ಹಾಡು ನಿಂತ ತಕ್ಷಣ ಎಚ್ಚರ ಆಗುತ್ತೆ."

ಬಿಸ್ಕತ್ತಿನ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದವರು ಅವರು. ಬೀದಿಯ ಮಕ್ಕಳಿಗೆಲ್ಲ ಬಾಯ್ಲರ್ ತಾತ. ತಮ್ಮ ಪಾಳಿಯಲ್ಲಿ ನೀರು ಒಂದು ದಿನವೂ ಮೇಲಿನ ಗೆರೆ ದಾಟಲಿಲ್ಲ, ಕೆಳಗಿನ ಗೆರೆಗಿಂತ ಇಳಿಯಲೂ ಇಲ್ಲ ಎಂಬುದನ್ನು ಬಂದ ನೆಂಟರಿಗೆ ಟೀ ಲೋಟ ಕೆಳಗಿಡುವುದರೊಳಗೆ ಹೇಳಿ ಮುಗಿಸುತ್ತಿದ್ದರು. ಮನೆಯಲ್ಲಿ ಅವರಿಗೆಂದು ಉಳಿದಿದ್ದ ಕೆಲಸ ಈ ಟ್ಯಾಂಕೊಂದೇ. ಅದನ್ನು ಅವರು ಇನ್ನೂ ನೌಕರಿ ಎಂದೇ ತಿಳಿದಿದ್ದರು.

ಹಾಗಿರುವಾಗ ಟೇಪ್ ರೆಕಾರ್ಡರು ಕೆಟ್ಟಿತು. ಒಳಗಿನ ರಬ್ಬರ್ ಬೆಲ್ಟು ಹರಿದು ಕ್ಯಾಸೆಟ್ಟು ಅಲ್ಲಾಡಲೇ ಇಲ್ಲ.

"ಬೆಲ್ಟ್ ತಾನೆ? ನಾಳೆ ಹಾಕ್ತೀನಿ ಬಿಡಪ್ಪ," ಎಂದ ಮಗ, ಅಂದರೆ ಸೊಸೆಯ ಗಂಡ.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಅಂಗಡಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಜನ್ನು ಪಕ್ಕಕ್ಕೆಸೆದು ಹೊಸದು ತೆಗೆದುಕೊಳ್ಳುವಷ್ಟು ಕಟ್ಟುನಿಟ್ಟು. ಮನೆಗೆ ಬಂದರೆ ಹಳೆ ರೇಡಿಯೋ, ಸ್ಪೀಕರು ಬಿಚ್ಚುವ ಹವ್ಯಾಸ. ಬಿಚ್ಚುವುದಷ್ಟೇ, ಮತ್ತೆ ಜೋಡಿಸುವುದು ನಾಳೆ. ಗೋಡೆಯ ಗಡಿಯಾರ ಮೂರು ತುಂಡಾಗಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿತ್ತು. ಟ್ಯಾಂಕು ತುಂಬಿದರೆ ಕೂಗುವ ಯಂತ್ರವೊಂದು ಸೋಪಿನ ಪೆಟ್ಟಿಗೆಯಲ್ಲಿ ಅರ್ಧಕ್ಕೆ ನಿಂತಿತ್ತು. ಮಾವನ ಕನ್ನಡಕದ ಒಂದು ಕಡ್ಡಿ ಮುರಿದು, ಅವರು ಅದಕ್ಕೆ ಸೊಸೆಯ ಹೊಲಿಗೆ ದಾರ ಕಟ್ಟಿಕೊಂಡು ಓಡಾಡುತ್ತಿದ್ದರು.

"ಊರಿಗೆಲ್ಲ ಕಣ್ಣು ಕೊಡ್ತೀರಿ, ಹೆತ್ತ ಅಪ್ಪನ ಕನ್ನಡಕಕ್ಕೆ ದಾರ," ಎಂದು ಸೊಸೆ ಅಂದರೆ, "ಅಂಗಡಿಗೆ ತಂದುಕೊಡು ಅಂದೆ, ಅವರು ತರಲಿಲ್ಲ," ಎನ್ನುತ್ತಿದ್ದ.

"ನೀವೇ ದಿನಾ ಅಂಗಡಿಗೆ ಹೋಗೋರಲ್ವಾ?"

"ನೆನಪಿಗೆ ಬರಬೇಕಲ್ಲ."

ಮಾವ ದಿನಕ್ಕೆರಡು ಸಲ ಬೆಲ್ಟಿನ ಮಾತೆತ್ತಿದರು. ಟೇಪಿಲ್ಲದ ದಿನಗಳಲ್ಲಿ ಸೊಸೆ ಹೊಲಿಗೆ ಬಿಟ್ಟು ತಾರಸಿಯ ಏಣಿ ಹತ್ತಿ, ಟ್ಯಾಂಕಿಗೆ ಇಣುಕಿ, "ಆಯ್ತು ಮಾವ, ಆರಿಸಿ!" ಎಂದು ಕೂಗಬೇಕಾಗುತ್ತಿತ್ತು. ಕೊನೆಗೊಂದು ರಜೆಯ ದಿನ, ಅಪ್ಪ ಎದುರಿಗೇ ಕುರ್ಚಿ ಹಾಕಿಕೊಂಡು ಕೂತದ್ದರಿಂದ ತಪ್ಪಿಸಿಕೊಳ್ಳಲಾಗದೆ, ಗಂಡ ಡಬ್ಬಿಗಳನ್ನೆಲ್ಲ ತಡಕಾಡಿ ಇನ್ಯಾವುದೋ ಯಂತ್ರದ ಬೆಲ್ಟು ತೆಗೆದು ಹಾಕಿದ. ಹಾಡು ಬಂತು. ಮಾವನ ಮುಖ ಅರಳಿತು.

"ದನಿ ಈಗ ತುಂಬ್ಕೊಂಡಿದೆ ಕಣೋ. ಮೊದಲಿಗಿಂತ ಗಟ್ಟಿ."

"ಅಲ್ವಾ?" ಎಂದ ಗಂಡ, ತಿರುಪುಳಿಯನ್ನು ಅಲ್ಲೇ ನೆಲದ ಮೇಲೆ ಬಿಟ್ಟು ಎದ್ದುಹೋದ. ಅದು ಆ ಸಂಜೆ ಸೊಸೆಯ ಕಾಲಿಗೆ ಚುಚ್ಚಿತು.

*

ತಾರಸಿಯ ಮೇಲೆ ಒಂದೇ ಒಂದು ಕೋಣೆ. ಅದರ ನೆತ್ತಿಯ ಮೇಲೆ ನೀರಿನ ಟ್ಯಾಂಕು, ಒಳಗೆ ಸೊಸೆಯ ಹೊಲಿಗೆ ಯಂತ್ರ. ಕಿಟಕಿ ಪರದೆ ಹೊಲಿಯುವುದು ಅವಳ ಕಸುಬು. ಆ ತಿಂಗಳು ನರ್ಸಿಂಗ್ ಹೋಮೊಂದರ ವಾರ್ಡುಗಳಿಗೆ ಹಾಸಿಗೆಯ ಸುತ್ತ ಇಳಿಬಿಡುವ ತಿಳಿಹಸಿರು ಪರದೆಗಳ ಕೆಲಸ ಸಿಕ್ಕಿತ್ತು. ಹೊಲಿದು ಮಡಿಸಿದ್ದನ್ನೆಲ್ಲ ಗೋಡೆಗೆ ಒತ್ತಿ ಒಟ್ಟಿದ್ದಳು. ಬೇರೆ ಜಾಗವಿರಲಿಲ್ಲ.

ಟೇಪು ರಿಪೇರಿಯಾದ ವಾರದಲ್ಲೇ ಆ ಗೋಡೆ ಬೆವರತೊಡಗಿತು. ಅವಳು ಗಮನಿಸುವ ಹೊತ್ತಿಗೆ ಅಡಿಯ ಪರದೆಗಳಿಗೆ ಟೀ ಬಣ್ಣದ ಕಲೆ ಹತ್ತಿತ್ತು. ಹೊರಗೆ ಬಂದು ನೋಡಿದರೆ ಟ್ಯಾಂಕಿನ ಮೇಲ್ಕೊಳವೆಯಿಂದ ನೀರು ದಬದಬ ಸುರಿದು ಅರ್ಧ ಹಿತ್ತಲಿಗೆ ಬೀಳುತ್ತಿದೆ, ಉಳಿದದ್ದಕ್ಕೆ ಕೋಣೆಯ ಸೂರು ಕೆರೆಯಾಗಿದೆ. ಅವಳು ಕಲೆ ಹತ್ತಿದ ಪರದೆಯನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದು ಬಂದಳು. ಮಾವ ಕುರ್ಚಿಯಲ್ಲಿ ಕೂತಿದ್ದರು, ಹಾಡು ನಡೆಯುತ್ತಿತ್ತು. ಅವಳೇ ಮೋಟಾರು ಆರಿಸಿದಳು.

"ಮಾವ, ಮೇಲೆ ನೀರು ಧಾರೆಧಾರೆ ಹೋಗ್ತಿದೆ!"

"ಹಾಡು ಮುಗಿದಿಲ್ಲವಲ್ಲಮ್ಮ."

"ಹಾಡು ತಡವಾಗಿ ಹಾಕಿದ್ರಾ?"

"ಇಲ್ಲ. ಒಟ್ಟಿಗೇ ಹಾಕ್ದೆ."

"ಒಟ್ಟಿಗೇ ಹಾಕಿದ್ರೆ ಹೀಗ್ಯಾಕಾಗುತ್ತೆ? ಇದು ನೋಡಿ, ನನ್ನ ಪರದೆ ನೋಡಿ!"

ಮಾವ ದಾರದ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

"ಒಟ್ಟಿಗೇ ಹಾಕ್ದೆನಲ್ಲಾ," ಎಂದರು, ಈ ಸಲ ಸ್ವಲ್ಪ ಮೆಲ್ಲಗೆ.

ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು. ಅನ್ನ ಕಲಸುತ್ತಿದ್ದವನ ಕೈ ಒಂದು ಕ್ಷಣ ನಿಂತಿತು. ಆಮೇಲೆ, "ವಯಸ್ಸಾಯ್ತಲ್ಲ," ಎಂದ.

"ಆ ಸೋಪಿನ ಪೆಟ್ಟಿಗೆ ಯಂತ್ರ ಮುಗಿಸಿ ಅಂತ ಎಷ್ಟು ಸಲ ಬಡ್ಕೊಂಡೆ?"

"ಈ ಭಾನುವಾರ."

ಭಾನುವಾರ ಬಂತು, ಅವನು ಯಾರದೋ ಹಳೆ ಸ್ಪೀಕರು ನೋಡಲು ಹೋದ. ಆ ನಡುವೆ ಮಾವ ಎಚ್ಚರದಿಂದಲೇ ಇದ್ದರು. ಕಣ್ಣು ಮುಚ್ಚದೆ, ಬೆನ್ನು ಒರಗಿಸದೆ, ಪರೀಕ್ಷೆಗೆ ಕೂತವರಂತೆ ಟೇಪಿನ ಮುಂದೆ ಕೂರುತ್ತಿದ್ದರು. ಆದರೂ ನೀರು ಹರಿಯಿತು. ಈ ಸಲ ಸೂರಿನ ಬಿರುಕಿನಿಂದ ನೇರವಾಗಿ ಕತ್ತರಿಸಿಟ್ಟ ಬಟ್ಟೆಯ ಮೇಲೇ ತೊಟ್ಟಿಕ್ಕಿತು.

ಸೊಸೆ ಆಡಬಾರದ ಮಾತಾಡಿದ್ದು ಆಗ. "ಬಾಯ್ಲರ್ ನೋಡ್ಕೊಂಡೋರಂತೆ! ಆ ಕಾರ್ಖಾನೆ ಹೇಗೆ ಉಳೀತೋ! ಒಂದು ಟ್ಯಾಂಕ್ ನೋಡ್ಕೊಳ್ಳೋಕೆ ಆಗ್ಲಿಲ್ವಲ್ಲ ಮಾವ ನಿಮ್ಮಿಂದ!"

ಮಾವ ಕ್ಯಾಸೆಟ್ಟು ತೆಗೆದು ಅದರ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಕಪಾಟಿನೊಳಗಿಟ್ಟರು. "ನಾಳೆಯಿಂದ ಸ್ವಿಚ್ ನೀನೇ ನೋಡ್ಕೊಳ್ಳಮ್ಮ," ಎಂದರು. ಒಡೆದ ಮುತ್ತು, ಆಡಿದ ಮಾತು. ಅವಳಿಗೆ ತಕ್ಷಣ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಮೇಲೆ ಬಟ್ಟೆ ನೆನೆಯುತ್ತಿತ್ತು, ಓಡಿದಳು.

*

ಅತ್ತಿಗೆ ಬೇರೆ ಊರಿನಲ್ಲಿದ್ದಳು, ಗಂಡನ ಅಕ್ಕ. ಸುದ್ದಿ ಅವಳಿಗೆ ಮುಟ್ಟಿಸಿದವನು ಗಂಡನೇ.

"ಅಕ್ಕ ಕಳಿಸಿಕೊಡು ಅಂತಿದ್ದಾಳೆ," ಎಂದ ಒಂದು ಸಂಜೆ, ಆಲೂಗಡ್ಡೆ ಸುಲಿಯುತ್ತಿದ್ದ ಹೆಂಡತಿಯ ಹತ್ತಿರ ನಿಂತು. "ಅಲ್ಲಿ ಅವಳು ಇಡೀ ದಿನ ಮನೆಯಲ್ಲೇ ಇರ್ತಾಳೆ. ಇಲ್ಲಿ ನೀನು ಮೇಲೆ, ನಾನು ಅಂಗಡೀಲಿ. ಇವತ್ತು ನೀರು ಮರೆತ್ರು, ನಾಳೆ ಗ್ಯಾಸ್ ಮರೆತ್ರೆ?"

"ಮಾವ ಒಪ್ಪಿದ್ರಾ?"

"ಒಪ್ಪದೆ ಏನು? ಆಯ್ತು ಅಂದ್ರು."

ಸೊಸೆಗೆ ಅದು ಸರಿಯೆನಿಸಲಿಲ್ಲ, ತಪ್ಪೆಂದು ಹೇಳಲೂ ಬಾಯಿ ಬರಲಿಲ್ಲ. ಪರದೆ ಎಲ್ಲಿ ಎಂದು ನರ್ಸಿಂಗ್ ಹೋಮಿನ ಮೇಲ್ವಿಚಾರಕಿ ಎರಡು ಸಲ ಫೋನು ಮಾಡಿದ್ದಳು. ಕಲೆಯಾದ ಪರದೆಗಳನ್ನು ಬಿಚ್ಚಿ, ಒಗೆದು, ಕೆಟ್ಟ ಭಾಗ ಕತ್ತರಿಸಿ, ಅಂಚು ಮತ್ತೆ ಹೊಲಿಯಬೇಕಿತ್ತು. ಅದರ ಮಧ್ಯೆ ಮೋಟಾರಿಗೆಂದು ದಿನಾ ಏಣಿ ಹತ್ತಿ ಇಳಿಯುವುದು. ಮಗಳು ಸ್ಕೂಲಿನಿಂದ ಬಂದರೆ ಕಿವಿಗೆ ಇಯರ್‌ಫೋನಿನ ಬಿರಡೆ ಸಿಕ್ಕಿಸಿಕೊಂಡು ಕೂರುವಳು, ಹತ್ತು ಸಲ ಕೂಗಿದರೆ ಒಂದು ಸಲ "ಏನಮ್ಮಾ?"

ಮಾವನ ಚಟುವಟಿಕೆಗಳು ಒಂದೊಂದಾಗಿ ಉದುರಿದವು. ಸ್ವಿಚ್ಚು ಬಿಟ್ಟವರು ಹಾಲು ಕಾಯಿಸುವುದನ್ನೂ ಬಿಟ್ಟರು. "ಉಕ್ಕಿಸಿಬಿಟ್ರೆ?" ಬೀಗ ಹಾಕಿಕೊಂಡು ಅಂಗಡಿಗೆ ಹೋಗಿಬರುತ್ತಿದ್ದವರು, "ಬೀಗ ನೀನೇ ಹಾಕಮ್ಮ, ನಾನು ಹಾಕಿದ್ನೋ ಇಲ್ವೋ ಅಂತ ಆಮೇಲೆ ಅನುಮಾನ," ಎನ್ನತೊಡಗಿದರು. ಹಲ್ಲುಜ್ಜಿ ಬಂದವರು ಬ್ರಷ್ಷು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುವುದನ್ನು ಅವಳು ಒಂದು ಬೆಳಿಗ್ಗೆ ಕಂಡಳು. ಕಂಡು, ಕಾಣದವಳಂತೆ ಒಳಗೆ ಹೋದಳು.

ಅವರ ಕೋಣೆಯ ಮೂಲೆಯಲ್ಲಿ ಬ್ಯಾಗು ತಯಾರಾಗಿತ್ತು. ಶನಿವಾರ ಹೊರಡುವುದೆಂದು ಗೊತ್ತಾಗಿತ್ತು. ಟೇಪ್ ರೆಕಾರ್ಡರನ್ನು ಬ್ಯಾಗಿಗೆ ಹಾಕಿಕೊಂಡಿರಲಿಲ್ಲ.

*

ಆ ವಾರ ಮಗಳಿಗೆ ಸ್ಕೂಲಿನ ಹಾಡಿನ ಸ್ಪರ್ಧೆಗೆ ಹಾಡೊಂದು ಬೇಕಾಯಿತು. ತಾತನ ಕ್ಯಾಸೆಟ್ಟಿನ ಮೊದಲನೇ ಹಾಡು ಅವಳಿಗೆ ತೊಟ್ಟಿಲಿನಿಂದಲೂ ಕೇಳಿ ಗೊತ್ತು. ಹಿಂದಿನ ವರ್ಷ ಅದನ್ನು ಕೀಬೋರ್ಡಿನಲ್ಲಿ ಟೇಪಿನ ಜೊತೆಗೇ ನುಡಿಸಿ ಕಲಿತಿದ್ದಳು. ಊಟದ ಹೊತ್ತಿಗೆ ಟೇಪನ್ನು ಮೇಜಿನ ಮೇಲೆ ತಂದಿಟ್ಟು, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದಳು. ಮೂರು ಸಲ ನಿಲ್ಲಿಸಿ ಮೂರು ಸಲ ಹಾಕಿದಳು.

"ಅಪ್ಪಾ, ನನ್ನ ಕೀಬೋರ್ಡ್ ಬಿಚ್ಚಿದ್ಯಾ?"

"ನಾನ್ಯಾಕೆ ಬಿಚ್ಲಿ?"

"ಹಾಗಾದ್ರೆ ಇದ್ಯಾಕೆ ಹೊಂದ್ತಿಲ್ಲ? ನಾನು ಇಲ್ಲಿಂದ ಶುರು ಮಾಡ್ತಿದ್ದೆ," ಎಂದು ಒಂದು ಕೀ ಒತ್ತಿದಳು. "ಈಗ ಹಾಡು ಇಲ್ಲಿಂದ ಬರ್ತಿದೆ." ಅದರ ಕೆಳಗಿನದೊಂದನ್ನು ಒತ್ತಿದಳು. "ಒಂದು ಸ್ವರ ಪೂರ್ತಿ ಇಳಿದಿದೆ. ಹಾಡೋರಿಗೆ ಶೀತ ಆದ ಹಾಗಿದೆ."

"ಟೇಪ್ ಹಳೇದಲ್ವಾ, ಊಟ ಮಾಡು," ಎಂದ ಗಂಡ, ಬಹಳ ಬೇಗ.

ಸೊಸೆ ಬೇಳೆ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಸ್ವರ ಇಳಿದ್ರೆ ಹಾಡು ನಿಧಾನ ಆಗುತ್ತಾ?" ಎಂದು ಮಗಳನ್ನು ಕೇಳಿದಳು.

"ಟೇಪಲ್ಲಿ ಹಂಗೇ ಅಲ್ವಾ? ನಿಧಾನಕ್ಕೆ ಓಡಿದ್ರೆ ದನಿ ದಪ್ಪ ಆಗುತ್ತೆ. ಹಾಡು ಮುಗಿಯೋದೂ ಲೇಟು."

ಮಾವ ತಮ್ಮ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಮುರಿಯುತ್ತಿದ್ದರು. ಸೊಸೆ ಗಂಡನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

"ಏನು?"

"ನಾನು ಕೇಳಿದ್ದು ನಿಮಗೆ ಗೊತ್ತಾಗಿದೆ. ಹೇಳಿ. ಟೇಪ್ ನಿಧಾನ ಓಡ್ತಿದೆ ಅಂತ ನಿಮಗೆ ಗೊತ್ತಿತ್ತಾ?"

"ಬೆಲ್ಟು ಸ್ವಲ್ಪ ಬಿಗಿ ಇತ್ತು. ಸ್ವಲ್ಪ... ಹಾಕಿದಾಗಲೇ ಅನ್ನಿಸ್ತು. ಆದ್ರೆ ಅಪ್ಪ ದನಿ ಚೆನ್ನಾಗಿದೆ ಅಂದ್ರಲ್ಲ? ಆಮೇಲೆ ಸರಿ ಮಾಡೋಣ ಅಂತ..."

"ಮೊದಲ ಸಲ ನೀರು ಬಿತ್ತು ಅಂದಾಗ?"

ಅವನು ನೀರಿನ ಲೋಟಕ್ಕೆ ಕೈ ಹಾಕಿದ.

"ಆಗಲೇ ಹೊಳೀತು, ಅಲ್ವಾ? ಅನ್ನ ಕಲಸ್ತಾ ಇದ್ದ ಕೈ ನಿಂತದ್ದು ನಾನು ನೋಡಿದೀನಿ."

"ಹೊಳೀತು ಅಂದ್ರೆ... ಇರಬಹುದೇನೋ ಅನ್ನಿಸ್ತು. ಅಷ್ಟರಲ್ಲಿ ನೀನು ಅಪ್ಪನ ಮೇಲೆ ಕೂಗಾಡಿ ಆಗಿತ್ತು. ಈಗ ಹೇಳಿದ್ರೆ ನನ್ನ ಮೇಲೆ ಬೀಳ್ತೀಯ, ಸದ್ದಿಲ್ಲದೆ ಸರಿ ಮಾಡಿಬಿಡೋಣ ಅಂದ್ಕೊಂಡೆ. ಭಾನುವಾರ..."

"ಭಾನುವಾರ ಸ್ಪೀಕರ್ ನೋಡೋಕೆ ಹೋದ್ರಿ. ಅದಾದ ಮೇಲೆ ಅಕ್ಕನಿಗೆ ಫೋನ್ ಮಾಡೋಕೆ ಮಾತ್ರ ಪುರುಸೊತ್ತು ಸಿಕ್ತು. ನಿಮ್ಮ ಸೋಮಾರಿತನ ಮುಚ್ಚಿಕೊಳ್ಳೋಕೆ ಅಪ್ಪನಿಗೆ ಅರಳುಮರಳು ಅಂತ ಊರು ದಾಟಿಸೋದಾ? ಹಲ್ಲುಜ್ಜಿದೆನೋ ಇಲ್ವೋ ಅಂತ ಬ್ರಷ್ ಮುಟ್ಟಿ ನೋಡ್ಕೊಳ್ತಿದ್ದಾರೆ ಅವರು. ಗೊತ್ತಾ ನಿಮಗೆ?"

ಮಗಳು ಕೀಬೋರ್ಡನ್ನು ಮೆಲ್ಲಗೆ ಆರಿಸಿದಳು. "ಅಪ್ಪ, ಇದು ಅತಿ ಆಯ್ತು," ಎಂದಳು.

"ನೀನು ಸುಮ್ನಿರು. ಕೂಗಿದ್ರೆ ಕಿವಿ ಕೇಳ್ಸಲ್ಲ ನಿನಗೆ, ಸ್ವರ ಮಾತ್ರ ಕೇಳ್ಸುತ್ತೆ," ಎಂದ ಗಂಡ.

"ಕೇಳ್ಸಿದ್ದಕ್ಕೇ ತಾತ ಬಚಾವಾದ್ರು."

ಆಗ ಮಾವ ಬಾಯಿಬಿಟ್ಟರು. "ಸಾಕು ಬಿಡ್ರಮ್ಮ. ಬಾಯ್ಲರಲ್ಲಿ ನೀರು ತೋರಿಸೋ ಗಾಜು ಇರುತ್ತೆ. ಅದು ಕೆಟ್ಟು ಸುಳ್ಳು ತೋರಿಸಿದ್ರೆ ಗಾಜಿನ ಮೇಲೆ ಕೇಸ್ ಹಾಕಕ್ಕಾಗುತ್ತಾ? ನಂಬಿಕೊಂಡು ಕೂತವನದೇ ತಪ್ಪು. ನಾನು ಎದ್ದು ಹೋಗಿ ಒಂದು ಸಲ ಮೇಲೆ ನೋಡಬೇಕಿತ್ತು."

ಸೊಸೆಗೆ ರೇಗಿಹೋಯಿತು. ಗಂಡನ ಮೇಲಿದ್ದ ಸಿಟ್ಟಿಗಿಂತ ಇದು ಹೆಚ್ಚು. "ಈ ಮನೆಯಲ್ಲಿ ಇದೇ ಆಯ್ತು ಮಾವ! ತಪ್ಪು ಮಾಡಿದವರು ಬಾಯಿಗೆ ಬೀಗ ಹಾಕ್ಕೋತಾರೆ, ಮಾಡದವರು ಮುಂದೆ ಬಂದು ತಲೆ ಮೇಲೆ ಹೊತ್ಕೋತಾರೆ. ನಿಮ್ಮದಲ್ಲದ್ದನ್ನು ನೀವು ಹೊರಬೇಡಿ. ನನ್ನದನ್ನು ನಾನು ಹೊರ್ತೀನಿ: ಆವತ್ತು ಬಾಯ್ಲರಿನ ಮಾತು ಎತ್ತಿದ್ದು ನನ್ನ ತಪ್ಪು. ಬಾಕಿಯವರದು ಬಾಕಿಯವರು ಹೊರಲಿ."

ಅವಳು ಗಂಡನ ಫೋನನ್ನು ಮೇಜಿನ ಮೇಲಿಂದ ಅವನ ತಟ್ಟೆಯ ಪಕ್ಕಕ್ಕೆ ತಳ್ಳಿದಳು. "ಅಕ್ಕನಿಗೆ ಫೋನ್ ಮಾಡಿ. ಎಲ್ಲರಿಗೂ ಕೇಳೋ ಹಾಗೆ ಇಡಿ."

"ಈಗಲಾ? ನಾಳೆ ಬೆಳಿಗ್ಗೆ..."

"ಈಗ."

ಫೋನು ಹೋಯಿತು. ಅತ್ತಿಗೆಯ ದನಿ ಗಟ್ಟಿ. "ಏನೋ? ಶನಿವಾರ ಬಸ್ಸು ಎಷ್ಟು ಹೊತ್ತಿಗೆ? ನಾನು ಹಾಸಿಗೆ ಎಲ್ಲ ತೆಗೆದಿಟ್ಟಿದೀನಿ."

"ಅಕ್ಕ, ಅದು... ಅಪ್ಪ ಬರಲ್ಲ. ಏನೋ ಸಣ್ಣ ಟೆಕ್ನಿಕಲ್ ತೊಂದರೆ ಇತ್ತು, ಅಷ್ಟೇ."

"ಅಪ್ಪನಿಗಾ?"

ಸೊಸೆ ಎದುರಿಗೆ ನಿಂತಿದ್ದಳು. "ಪೂರ್ತಿ ಹೇಳಿ," ಎಂದಳು.

"ಅಪ್ಪನಿಗಲ್ಲ. ಟೇಪಿಗೆ. ನಾನು... ನಾನು ತಪ್ಪು ಬೆಲ್ಟ್ ಹಾಕಿದ್ದೆ. ಹಾಡು ನಿಧಾನ ಓಡ್ತಿತ್ತು, ಅದಕ್ಕೆ ನೀರು ಚೆಲ್ತಿತ್ತು. ನನಗೆ ಗೊತ್ತಿತ್ತು. ಹೇಳ್ಲಿಲ್ಲ."

ಆ ಕಡೆ ಪಾತ್ರೆಯೊಂದನ್ನು ಕುಕ್ಕಿಟ್ಟ ಸದ್ದಾಯಿತು.

"ಚಿಕ್ಕವನಿದ್ದಾಗ ಶಾಯಿ ಬಾಟಲಿ ನೀನು ಒಡೆದು, ಅಪ್ಪನ ಕೈಲಿ ನಾನು ಬೈಸಿಕೊಂಡೆನಲ್ಲ, ನೆನಪಿದೆಯೇನೋ?" ಎಂದಳು ಅತ್ತಿಗೆ. "ಇನ್ನೂ ಬುದ್ಧಿ ಬಂದಿಲ್ಲ ನಿನಗೆ. ಅಪ್ಪನ ಕೈಗೆ ಕೊಡು."

ಮಾವ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಹಾಸಿಗೆ ಸುತ್ತಿಡಮ್ಮ. ಇನ್ಯಾವಾಗಾದ್ರೂ ನಾಲ್ಕು ದಿನ ಇದ್ದು ಹೋಗೋಕೆ ಬರ್ತೀನಿ. ನೆಂಟನ ಹಾಗೆ," ಎಂದರು.

ಗಂಡ ತಟ್ಟೆ ಬಿಟ್ಟೆದ್ದು ತಿರುಪುಳಿ ತಂದ. ಟೇಪಿನ ಬೆನ್ನು ಬಿಚ್ಚಿ, ಹಾಡು ಹಾಕಿ, ವೇಗ ಹೊಂದಿಸುವ ಒಳಗಿನ ಪುಟ್ಟ ತಿರುಪೊಂದನ್ನು ತಿರುಗಿಸತೊಡಗಿದ. ಮಗಳು ಕೀಬೋರ್ಡಿನ ಒಂದು ಕೀಯನ್ನು ಬೆರಳಿನಿಂದ ಒತ್ತಿಯೇ ಹಿಡಿದಳು.

"ಇನ್ನೂ ಮೇಲೆ. ಇನ್ನೂ. ಜಾಸ್ತಿ ಆಯ್ತು ಅಪ್ಪ, ಇಳ್ಸು. ಹಾಂ, ಸಾಕು."

ಶೀತ ಬಿಟ್ಟಿತು. ಹೆಂಗಸಿನ ತಿಳಿ ದನಿ ಮೇಜಿನ ಮೇಲಿಂದ ಎದ್ದುಬಂತು. ಇಷ್ಟಕ್ಕೆ ಹಿಡಿದ ಹೊತ್ತು, ಟೀ ಕುದಿಯುವಷ್ಟು. ಸೊಸೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಅತ್ತುಬಿಡುತ್ತಿದ್ದಳು. ತಣ್ಣಗಾದ ಬೇಳೆಯನ್ನು ಒಲೆಯ ಮೇಲೆ ಮತ್ತೆ ಇಟ್ಟಳು.

*

ಮಾರನೆಯ ಬೆಳಿಗ್ಗೆ ಅವಳು ಸ್ವಿಚ್ಚನ್ನು ಮಾವನಿಗೆ ವಾಪಸು ಕೊಟ್ಟಳು. ಮಾವ ಒಲ್ಲೆ ಎಂದರು. "ಯಾರಾದ್ರೂ ಮೇಲೆ ನಿಂತು ಆಯ್ತು ಅಂತ ಕೂಗಲಿ. ಕೂಗಿದ್ರೆ ಆರಿಸ್ತೀನಿ."

"ನೀವು ಹತ್ತಿ," ಎಂದಳು ಗಂಡನಿಗೆ.

"ನನಗೆ ಅಂಗಡಿಗೆ ತಡ..."

"ಹತ್ತಿ."

ಅವನು ಹತ್ತಿದ. ಮಾವ ಎರಡು ಕೈಯಿಂದ ಎರಡು ಗುಂಡಿ ಒತ್ತಿ ಕೂತರು. ಕಣ್ಣು ಮುಚ್ಚಲಿಲ್ಲ. ಸೊಸೆ ನಡುಮನೆಯಲ್ಲೇ ಕೂತು ಪರದೆಯ ಅಂಚು ಬಿಚ್ಚುತ್ತಿದ್ದಳು. ಒಂದೊಂದೇ ಹಾಡು ಬಂದು ಹೋಯಿತು. ಕೊನೆಯದೂ ಮುಗಿದು ಗುಂಡಿ 'ಟಕ್' ಎಂದು ಮೇಲೆದ್ದಿತು.

ಮಾವನ ಬೆರಳು ಸ್ವಿಚ್ಚಿನ ಮೇಲೆ ಹೋಗಿ, ಅಲ್ಲೇ ನಿಂತಿತು. ಅವರು ಮೇಲೆ ನೋಡಿದರು. ತಾರಸಿಯಿಂದ ಸದ್ದಿಲ್ಲ. ಹಿತ್ತಲ ಕಡೆ ಮೊದಲ ನಾಲ್ಕು ಹನಿ ಬಿದ್ದ ಸಪ್ಪಳವಾಯಿತು.

"ಹಾಡು ನಿಂತಿದೆ ಮಾವ," ಎಂದಳು ಸೊಸೆ.

"ಅವನು ಹೇಳಲಿ ಅಂತ..."

"ಅವರು ಹೇಳಲ್ಲ. ನಿಮಗೆ ಗೊತ್ತು, ಆರಿಸಿ."

ಮಾವ ಅವಳ ಮುಖ ನೋಡಿದರು. ಆರಿಸಿದರು. ಮೋಟಾರು ಗೊಣಗಿ ನಿಂತಿತು. ಹಿತ್ತಲಲ್ಲಿ ಇನ್ನೆರಡು ಹನಿ ಬಿದ್ದು, ಅದೂ ನಿಂತಿತು.

"ಅಪ್ಪಾ! ಆಯ್ತು, ಆರಿಸು!" ಎಂಬ ಕೂಗು ಬಂದದ್ದು ಆಮೇಲೆ. ಹಿಂದೆಯೇ ಮೆಟ್ಟಿಲಿಳಿದ ಗಂಡನ ಕೈಯಲ್ಲಿ ಸೋಪಿನ ಪೆಟ್ಟಿಗೆ ಇತ್ತು. "ಮೇಲೆ ನಿಂತಾಗ ಹೊಳೀತು ಕಣೇ, ಈ ವಯರನ್ನ ಹೀಗೆ ತಂದ್ರೆ..."

"ಕನ್ನಡಕ," ಎಂದು ಸೊಸೆ ಕೈ ಚಾಚಿದಳು. ಮಾವ ದಾರ ಬಿಚ್ಚಿ ಕನ್ನಡಕವನ್ನು ಅವಳ ಕೈಗಿಟ್ಟರು. ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ಗಂಡನ ಅಂಗಿಯ ಜೇಬಿಗೆ ತಾನೇ ತುರುಕಿ, ಜೇಬಿನ ಬಾಯಿಗೆ ಪಿನ್ನು ಚುಚ್ಚಿದಳು.

"ಇವತ್ತು," ಎಂದಳು.

ಅವನು ಹೋದ ಮೇಲೆ, ಎದುರಿಗಿರುವುದು ಮಂಜುಮಂಜಾಗಿ ಕಾಣುತ್ತಿದ್ದ ಮಾವ ಕೈಯಿಂದಲೇ ತಡವಿ ಕ್ಯಾಸೆಟ್ಟನ್ನು ತೆಗೆದರು, ಮಗುಚಿದರು, ಎರಡನೇ ಬದಿ ಹಾಕಿದರು. ಅದಕ್ಕೆ ಯಾವ ಕೆಲಸವೂ ಇರಲಿಲ್ಲ. ಬೆನ್ನು ಒರಗಿಸಿ ಕಣ್ಣು ಮುಚ್ಚಿದರು. ಸೊಸೆ ಪರದೆಗಳನ್ನು ಹೊತ್ತುಕೊಂಡು ಮೇಲೆ ಹೋದಳು. ಸೂರಿನ ಮೇಲೆ ಗುಡಿಸಬೇಕಾದ ನೀರು ಒಂದು ಬೊಗಸೆಯಷ್ಟೂ ಇರಲಿಲ್ಲ.